ಪಂಪು ಬಿಚ್ಚುವ ಮೊದಲು ವಯರು ನೋಡಿ

ಕಿಟಕಿ ಗಾಜು ತೊಳೆಯುವ ನಮ್ಮ ಟ್ರಾಲಿಯ ಪಂಪು ಮಳೆಗಾಲ ಮುಗಿಯುವ ಹೊತ್ತಿಗೆ ಒಮ್ಮೆಯಾದರೂ ಕೈ ಕೊಡುತ್ತದೆ. ಕರಾವಳಿಯಲ್ಲಿ ಈ ಕೆಲಸ ಮಾಡುವವರಿಗೆ ಇದು ಹೊಸತಲ್ಲ. ಆದರೆ ನಿಜವಾಗಿ ಪಂಪೇ ಹಾಳಾಗಿರುವುದು ಕಡಿಮೆ. ಅದಕ್ಕೆ ಕರೆಂಟು ಸರಿಯಾಗಿ ಸಿಕ್ಕಿರುವುದಿಲ್ಲ, ಇಲ್ಲವೇ ನೀರು ಸಿಕ್ಕಿರುವುದಿಲ್ಲ. ಸುರತ್ಕಲ್‌ನ ಒಂದು ಅಪಾರ್ಟ್‌ಮೆಂಟಿನಲ್ಲಿ ನನಗೆ ಎರಡೂ ಒಟ್ಟಿಗೆ ಬಂತು.

ಸಾಮಾನು ಎಂಥದ್ದು ಅಂತ ಮೊದಲು ಹೇಳುತ್ತೇನೆ. 12 ವೋಲ್ಟಿನ ಬ್ಯಾಟರಿ, ನೀರಿನ ಟ್ಯಾಂಕಿ, ನಿಮಿಷಕ್ಕೆ 5 ಲೀಟರ್ ದೂಡುವ 100 ಪಿಎಸ್‌ಐ ಒತ್ತಡದ ಡಯಾಫ್ರಾಮ್ ಪಂಪು, ಅಂದರೆ ಒಳಗಿನ ರಬ್ಬರ್ ಪರದೆ ಅಲುಗಿ ನೀರು ಎಳೆದು ಬಿಡುವಂಥದ್ದು. ಅಲ್ಲಿಂದ ಹೋಸು, ಉದ್ದ ಕೋಲು, ಕೋಲಿನ ತುದಿಯಲ್ಲಿ ಬ್ರಶ್ಶು. ತೋಟಕ್ಕೆ ಮದ್ದು ಬಿಡುವ ಬ್ಯಾಟರಿ ಸ್ಪ್ರೇಯರಿನಲ್ಲಿ ಇರುವುದೂ ಇದೇ ಜಾತಿಯ ಪಂಪು. ಟ್ಯಾಂಕಿಗೆ ಹಾಕುವುದು ಫಿಲ್ಟರ್ ಮಾಡಿದ ಶುದ್ಧ ನೀರು. ಟಿಡಿಎಸ್, ಅಂದರೆ ನೀರಿನಲ್ಲಿ ಕರಗಿದ ಲವಣಗಳ ಅಳತೆ, 10ರ ಒಳಗಿದ್ದರೆ ಗಾಜು ಒರೆಸದೆ ಹಾಗೇ ಬಿಟ್ಟರೂ ಬಿಳಿ ಕಲೆ ಬೀಳುವುದಿಲ್ಲ.

ಆ ಬಿಲ್ಡಿಂಗಿನ ಪಡುವಣ ಬದಿ ನೇರ ಕಡಲಿಗೆ ಮುಖ. ಗಾಜಿನ ಮೇಲೆ ಉಪ್ಪು, ಬೀಡಿಂಗಿನ ಸಂದಿಯಲ್ಲಿ ಪಾಚಿ. ಕೆಳಗಿನ ಮನೆಗಳು ಮುಗಿಯಿತು. ಮೇಲಿನ ಮಾಳಿಗೆಗೆ ಕೋಲು ಎತ್ತಿದರೆ ಬ್ರಶ್ಶಿನಿಂದ ನೀರು ಸುಮ್ನೆ ತೊಟ್ಟಿಕ್ಕುತ್ತಿತ್ತು. ಪಂಪಿನ ಸದ್ದೂ ಸೋತು ಹೋಗಿತ್ತು. ಸ್ವಲ್ಪ ಓಡುತ್ತದೆ, ನಿಲ್ಲುತ್ತದೆ, ಮತ್ತೆ ಓಡುತ್ತದೆ.

"ಅಣ್ಣ, ಪಂಪು ಹೋಯ್ತು. ಹೊಸದು ತರುವ" ಅಂದ ಜೊತೆಗಿದ್ದ ಹುಡುಗ.

ಸೊಸೈಟಿಯ ಸೆಕ್ರೆಟರಿ ಬಾಲ್ಕನಿಯಿಂದ ಬಗ್ಗಿ, "ಎಂತ ಮಾರಾಯ್ರೆ, ನೀರು ಮೇಲೆ ಬರುವುದೇ ಇಲ್ವಲ್ಲ!" ಅಂದರು.

ಬ್ಯಾಟರಿಗೆ ಮೀಟರು ಹಿಡಿದೆ. 12.7 ವೋಲ್ಟ್. ಫುಲ್ ಚಾರ್ಜು. ಪಂಪು ಆಫ್ ಇರುವಾಗಲೇ ಅದರ ವಯರಿನ ತುದಿಗೆ ಹಿಡಿದೆ. ಅಲ್ಲಿಯೂ 12.6. ಇಲ್ಲಿಗೇ ನಿಲ್ಲಿಸಿದವರು "ಕರೆಂಟು ಸರಿ ಉಂಟು, ಪಂಪೇ ಹೋಗಿದೆ" ಅಂತ ತೀರ್ಮಾನ ಮಾಡಿಬಿಡುತ್ತಾರೆ. ಹೊಸ ಪಂಪಿಗೆ ದುಡ್ಡು ಸುರಿಯುವುದು ಹೀಗೇ. ಪಂಪು ಓಡುತ್ತಿರುವಾಗ ಅಳೆಯಬೇಕು. ಓಡಿಸಿ ಅಳೆದಾಗ ಬ್ಯಾಟರಿಯಲ್ಲಿ 12.4, ಪಂಪಿನ ಹತ್ತಿರ 10.1. ನಡುವೆ ಎರಡು ವೋಲ್ಟಿಗಿಂತ ಜಾಸ್ತಿ ಎಲ್ಲಿಗೆ ಹೋಯಿತು?

ಮೀಟರು ಎಳೆಯುವ ಕರೆಂಟು ಲೆಕ್ಕಕ್ಕೇ ಇಲ್ಲದಷ್ಟು ಕಡಿಮೆ. ಹಾಗಾಗಿ ಕೆಟ್ಟ ಜಾಯಿಂಟಿನ ಮೂಲಕವೂ ಅದಕ್ಕೆ ಪೂರ್ತಿ ವೋಲ್ಟೇಜು ಕಾಣಿಸುತ್ತದೆ. ರಥಬೀದಿಯಲ್ಲಿ ಒಬ್ಬರೇ ನಡೆದು ಹೋದರೆ ದಾರಿ ಸಣ್ಣದು ಅಂತ ಅನಿಸುವುದಿಲ್ಲ, ತೇರಿನ ದಿನ ಗೊತ್ತಾಗುತ್ತದೆ, ಅಲ್ವಾ? ಪಂಪು ಜೋರಾಗಿ ಓಡುವಾಗ ಸುಮಾರು 7 ಆಂಪಿಯರ್ ಎಳೆಯುತ್ತದೆ. ದಾರಿಯಲ್ಲಿ ಬರೀ 0.3 ಓಮ್ ಅಡ್ಡಿ ಇದ್ದರೂ 2.1 ವೋಲ್ಟ್ ಅಲ್ಲೇ ಬಿಸಿಯಾಗಿ ಮುಗಿದು ಹೋಗುತ್ತದೆ.

ಎಲ್ಲಿ ಅಂತ ಹುಡುಕುವುದು ಸುಲಭ. ಮೀಟರಿನ ಒಂದು ಕಡ್ಡಿ ಬ್ಯಾಟರಿಯ ಪ್ಲಸ್ಸಿನಲ್ಲಿ ಇರಲಿ. ಪಂಪು ಓಡುತ್ತಾ ಇರಲಿ. ಇನ್ನೊಂದು ಕಡ್ಡಿಯನ್ನು ಅದೇ ಪ್ಲಸ್ ವಯರಿನ ಉದ್ದಕ್ಕೂ ಜಾಯಿಂಟಿನಿಂದ ಜಾಯಿಂಟಿಗೆ ಇಡುತ್ತಾ ಹೋಗಿ. ಸೊನ್ನೆಯ ಹತ್ತಿರ ಇದ್ದ ರೀಡಿಂಗು ಎಲ್ಲಿ ಹಾರುತ್ತದೋ ಅಲ್ಲಿಯೇ ಕಳ್ಳ. ನನ್ನದು ಫ್ಯೂಸ್ ಹೋಲ್ಡರಿನಲ್ಲಿ ಹಾರಿತು. ಕೈ ಇಟ್ಟರೆ ಬೆಚ್ಚಗಿತ್ತು. ಫ್ಯೂಸು ಎಳೆದು ನೋಡಿದರೆ ಒಳಗಿನ ಹಿತ್ತಾಳೆ ಕವೆಗೆ ಹಸಿರು ಕಿಲುಬು ಹಿಡಿದಿತ್ತು. ವಯರಿನ ಸಿಪ್ಪೆ ಸುಲಿದರೆ ತಾಮ್ರದ ಎಳೆಗಳು ಬೆರಳುದ್ದದವರೆಗೆ ಕಪ್ಪಾಗಿದ್ದವು. ಉಗುರಿನಲ್ಲಿ ಕೆರೆದರೆ ಪುಡಿ ಉದುರುತ್ತಿತ್ತು. ಉಪ್ಪು ಗಾಳಿ, ಮೇಲಿಂದ ಮಳೆಯ ತೇವ. ಸಿಪ್ಪೆಯ ಒಳಗೆ ನೀರು ಏರುತ್ತಾ ಹೋಗುತ್ತದೆ, ಹೊರಗಿನಿಂದ ವಯರು ಹೊಸದರ ಹಾಗೆಯೇ ಕಾಣುತ್ತದೆ.

ಕಪ್ಪಾದಷ್ಟು ವಯರು ಕತ್ತರಿಸಿ ಬಿಸಾಡಿ, ಟೂಲ್ ಬ್ಯಾಗಿನಲ್ಲಿದ್ದ ಬೇರೆ ಹೋಲ್ಡರು, ಅದೇ 10 ಆಂಪಿಯರ್ ಫ್ಯೂಸು ಹಾಕಿದೆ. ಫ್ಯೂಸು ಹೋದಲ್ಲಿ ತಾಮ್ರದ ಎಳೆ ಸುತ್ತಿ ಕೆಲಸ ಸಾಗಿಸುವವರು ಇದ್ದಾರೆ. ದಯವಿಟ್ಟು ಬೇಡ. ಬ್ಯಾಟರಿ ವಯರು ಉರಿದರೆ ನಂದಿಸುವುದು ಕಷ್ಟ.

ಪಂಪಿನ ಹತ್ತಿರ ಈಗ 12.2. ಸದ್ದು ಗಟ್ಟಿಯಾಯಿತು. ನಿಂತು ಓಡುವುದೂ ನಿಂತಿತು. ಆದರೆ ನೀರು ಬಿಟ್ಟು ಬಿಟ್ಟು, ಕೆಮ್ಮುತ್ತಾ ಬರುತ್ತಿತ್ತು.

ಹೀಗೆ ಬಂದರೆ ಗಾಳಿ ಎಳೆಯುತ್ತಿದೆ ಅಂತ ಅರ್ಥ. ಪಂಪು ಸರಿಯೋ ಅಲ್ಲವೋ ತಿಳಿಯಲು ಟ್ಯಾಂಕಿಯ ಪೈಪು ಕಳಚಿ, ಪಂಪಿನ ಬಾಯಿಗೆ ತುಂಡು ಪೈಪು ಸಿಕ್ಕಿಸಿ ಬಕೆಟಿನ ನೀರಿಗೆ ಬಿಟ್ಟೆ. ಚೆನ್ನಾಗಿ ಎಳೆಯಿತು. ಹೊರಗಿನ ಬಾಯಿಯನ್ನು ಹೆಬ್ಬೆರಳಿನಿಂದ ಒತ್ತಿ ಹಿಡಿದರೆ ನೀರು ಬೆರಳನ್ನು ದೂಡಿ ಚಿಮ್ಮುತ್ತಿತ್ತು. ಹಾಗಾದರೆ ಡಯಾಫ್ರಾಮು, ವಾಲ್ವು ಎರಡೂ ಸರಿ. ಬಕೆಟಿನಿಂದಲೂ ಎಳೆಯದಿದ್ದರೆ ಮಾತ್ರ ಪಂಪಿನ ತಲೆ ಬಿಚ್ಚಬೇಕು. ಆಗಲೂ ಮೊದಲು ನೋಡುವುದು ವಾಲ್ವಿನಲ್ಲಿ ಮುರಕಲ್ಲಿನ ಕೆಂಪು ಚೂರು ಸಿಕ್ಕಿಕೊಂಡಿದೆಯಾ ಅಂತ. ನಮ್ಮ ಊರಿನಲ್ಲಿ ಅದು ಎಲ್ಲಿ ಬೇಕಾದರೂ ನುಗ್ಗುತ್ತದೆ.

ಟ್ಯಾಂಕಿಗೂ ಪಂಪಿಗೂ ನಡುವಿನ ಲೀಕು ಕಣ್ಣಿಗೆ ಬೀಳುವುದಿಲ್ಲ. ಅಲ್ಲಿ ನೀರು ಹೊರಗೆ ಸೋರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ಪಂಪು ಓಡುತ್ತಿರುವಾಗ ಒಂದೊಂದೇ ಜಾಯಿಂಟಿನ ಮೇಲೆ ಲೋಟದಿಂದ ನೀರು ಹೊಯ್ದೆ. ಜಾಲರಿ ಫಿಲ್ಟರಿನ ಮುಚ್ಚಳಕ್ಕೆ ಹೊಯ್ದಾಗ ಕೆಮ್ಮು ನಿಂತಿತು. ಒಳಗಿನ ರಬ್ಬರ್ ರಿಂಗು ಒಣಗಿ ಚಪ್ಪಟೆಯಾಗಿತ್ತು. ಹೊಸ ರಿಂಗು, ಸ್ವಲ್ಪ ಸಿಲಿಕೋನ್ ಗ್ರೀಸು. ಅಲ್ಲಿಗೆ ಮುಗಿಯಿತು. ಸಿಲಿಕೋನ್ ಇಲ್ಲದಿದ್ದರೆ ಬರೀ ನೀರು ಮುಟ್ಟಿಸಿ ಕೂರಿಸಿ, ತೆಂಗಿನೆಣ್ಣೆ ಹಚ್ಚಬೇಡಿ. ಎಣ್ಣೆ ನೀರಿನ ಜೊತೆ ಗಾಜಿಗೆ ಹೋಗಿ ಗೆರೆ ಬೀಳುತ್ತದೆ. ಆಮೇಲೆ ಬೈಗುಳ ತಿನ್ನುವುದು ನೀವೇ.

ಹೋಸು ಮುಚ್ಚಿ ಒತ್ತಡ ಏರಿದಾಗ ಪಂಪನ್ನು ತಾನಾಗಿ ನಿಲ್ಲಿಸುವ ಪ್ರೆಶರ್ ಸ್ವಿಚ್ಚಿನ ಬಗ್ಗೆಯೂ ಹೇಳಿಬಿಡುತ್ತೇನೆ. ಪಂಪಿಗೆ ಪೂರ್ತಿ ವೋಲ್ಟೇಜು ಬಂದರೂ ಅದು ಮಿಸುಕಾಡದಿದ್ದರೆ ಅನುಮಾನ ಅದರ ಮೇಲೆ. ಸ್ವಿಚ್ಚಿನ ಎರಡು ವಯರು ಕಳಚಿ ಒಂದಕ್ಕೊಂದು ಮುಟ್ಟಿಸಿ. ಪಂಪು ಓಡಿದರೆ ಸ್ವಿಚ್ಚು ಹೋಗಿದೆ. ಆದರೆ ಆಗ ಹೋಸಿನ ಬಾಯಿ ತೆರೆದೇ ಇರಬೇಕು. ತಡೆಯುವ ಸ್ವಿಚ್ಚೇ ಇಲ್ಲವಾದ್ದರಿಂದ ಮುಚ್ಚಿದ್ದರೆ ಹೋಸು ಕಿತ್ತು ಬರಬಹುದು. ಸ್ವಿಚ್ಚು ಬಿಡಿಯಾಗಿ ಬೇಕಾದರೆ ಸ್ಪ್ರೇಯರ್ ರಿಪೇರಿ ಅಂಗಡಿಯಲ್ಲಿ ಕೇಳಿ ನೋಡಿ.

ಸಂಜೆಯೊಳಗೆ ಪಡುವಣ ಬದಿ ಮುಗಿಯಿತು. ಮರುದಿನ ದಕ್ಕೆಯಲ್ಲಿ ಬೋಟಿಗೆ ವಯರಿಂಗ್ ಮಾಡುವವರ ಹತ್ತಿರ ಹೋದೆ. ಕಡಲಿನಲ್ಲಿ ವಯರು ಬಾಳಿಸುವುದು ಅವರಿಗೆ ಗೊತ್ತಿರುವಷ್ಟು ಬೇರೆಯವರಿಗೆ ಗೊತ್ತಿಲ್ಲ. ಅವರು ಕೊಟ್ಟದ್ದು ಕಲಾಯಿ ಹಾಕಿದ ತಾಮ್ರದ ವಯರು ಮತ್ತು ಒಳಗೆ ಅಂಟು ಇರುವ ಶ್ರಿಂಕ್ ಟ್ಯೂಬು. ಬಿಸಿ ಮಾಡಿದರೆ ಟ್ಯೂಬು ಕುಗ್ಗಿ, ಅಂಟು ಕರಗಿ ಜಾಯಿಂಟಿನ ಎರಡೂ ತುದಿ ಮುಚ್ಚುತ್ತದೆ. ಬ್ಯಾಟರಿಯಿಂದ ಪಂಪಿನವರೆಗೆ ಎಲ್ಲವನ್ನೂ ಅದರಲ್ಲಿಯೇ ಮಾಡಿಸಿದೆ. ಫ್ಯೂಸ್ ಹೋಲ್ಡರನ್ನು ಟ್ರಾಲಿಯ ತಳದಿಂದ ತೆಗೆದು ಹ್ಯಾಂಡಲಿನ ಹತ್ತಿರ, ನೀರು ಹಾರದ ಕಡೆ ಕಟ್ಟಿದ್ದೇನೆ. ಹುಡುಗನಿಗೂ ಒಂದು ಮೀಟರು ತೆಗೆದುಕೊಟ್ಟಿದ್ದೇನೆ.