ಸಿಹಿನೀರಿನ ಮುತ್ತು ಬೆಳೆಸೋದು ಹೇಗೆ? ಚಿಪ್ಪು ತೆರೆಯುವಾಗ ಅರ್ಜೆಂಟ್ ಬೇಡ ಮಾರಾಯ್ರೇ

ಯೂಟ್ಯೂಬ್ ನೋಡಿ ಮುತ್ತು ಬೆಳೆಸ್ಲಿಕ್ಕೆ ಹೊರಟವರು ನಮ್ಮ ಮಂಗಳೂರು ಕಡೆ ಸುಮಾರು ಜನ ಇದ್ದಾರೆ, ಎಡವಟ್ಟು ಮೀನು ಮಾರ್ಕೆಟಲ್ಲೇ ಶುರು. ಸುಕ್ಕ ಪಲ್ಯಕ್ಕೆ ತರುವ ಮರುವಾಯಿ ಚಿಪ್ಪು ಅಳಿವೆಯ ಉಪ್ಪುನೀರಿಂದು, ಅದನ್ನು ತೋಟದ ಕೆರೆಗೆ ಹಾಕಿದ್ರೆ ಸತ್ತು ನಾರ್ತದೆ ಅಷ್ಟೇ. ಬೇಕಾದ್ದು ಲ್ಯಾಮೆಲಿಡೆನ್ಸ್ ಜಾತಿಯ ಸಿಹಿನೀರಿನ ಕಪ್ಪೆಚಿಪ್ಪು, 8 ಸೆಂಟಿಮೀಟರಿಗಿಂತ ದೊಡ್ಡದು, ಮುಟ್ಟಿದ ಕೂಡಲೇ ಬಾಯಿ ಮುಚ್ಚುವಂಥದ್ದು.

ನಮ್ಮದು ಮುರಕಲ್ಲಿನ ಜಾಗ, ನೀರಲ್ಲಿ ಸುಣ್ಣದಂಶ ಕಡಿಮೆ. ಚಿಪ್ಪೂ ಮುತ್ತೂ ಹೆಚ್ಚಿನಂಶ ಕ್ಯಾಲ್ಸಿಯಂ ಕಾರ್ಬೊನೇಟೇ ಅಲ್ವಾ, ಹಾಗಾಗಿ ಮೊದಲೇ ಕೃಷಿ ಸುಣ್ಣ ಹಾಕಿ ಪಿಎಚ್ 7ರಿಂದ 8ಕ್ಕೆ ತನ್ನಿ.

ಆಪರೇಷನ್ ಅಂದ್ರೆ ಚಿಪ್ಪಿನೊಳಗೆ ಅಚ್ಚು ಇಡೋದು, ಗಣಪತಿಯಂಥ ಆಕಾರದ ಸಣ್ಣ ಬಿಲ್ಲೆ, ಅದರ ಮೇಲೆಯೇ ಮುತ್ತಿನ ಪದರ ಕೂರೋದು. ಚಿಪ್ಪು ತಂದ ದಿನವೇ ಅದನ್ನು ಮಾಡ್ಬೇಡಿ. 2-3 ದಿನ ಟಬ್ಬಲ್ಲಿ, ಲೀಟರಿಗೊಂದರಂತೆ, ಉಪವಾಸ ಇಡಿ. ಆಗ ಬಾಯಿ ಬಿಗಿ ಹಿಡಿಯುವ ಸ್ನಾಯು ಸಡಿಲ ಆಗ್ತದೆ.

ಜನ ಕೆಡಿಸೋದೆಲ್ಲ ಇನ್ನು ಮುಂದೆ. ಚಿಪ್ಪು ತೆರೆಯುವ ಓಪನರ್ ತೂರಿಸಿ ನಿಧಾನ ತಿರುಗಿಸಿ, ಬಾಯಿ ಒಂದು ಸೆಂಟಿಮೀಟರ್ ಬಿಟ್ರೆ ಸಾಕು, ಜಾಸ್ತಿ ಆದ್ರೆ ಸ್ನಾಯು ಹರೀತದೆ, ಆಮೇಲೆ ಅದು ಬದುಕೋದು ಕಷ್ಟ. ಒಳಗೆ ಚಿಪ್ಪಿಗೆ ಅಂಟಿಕೊಂಡು ತೆಳ್ಳಗಿನ ಪೊರೆ ಉಂಟು, ಮ್ಯಾಂಟಲ್ ಅಂತಾರೆ, ಹೊಳಪಿನ ಪದರ ಸುರಿಸೋದು ಅದೇ. ಎಳನೀರಿನ ಗಂಜಿ ಕೆರೆದ ಹಾಗೆ ಅಂಚಿಂದ ಮೆಲ್ಲ ಬಿಡಿಸಿ, ತೂತಾಗದ ಹಾಗೆ, ಚಿಪ್ಪಿಗೂ ಪೊರೆಗೂ ನಡುವೆ ಅಚ್ಚು ಜಾರಿಸಿ, ಗಣಪತಿಯ ಮುಖ ಪೊರೆಯ ಕಡೆಗೇ ಇರ್ಲಿ, ತಿರುಗಿ ಕೂತ್ರೆ ವರ್ಷ ಕಾದದ್ದು ದಂಡ. ಚಿಪ್ಪಿನ ಪುಡಿಯ ಅಚ್ಚೇ ತಗೊಳ್ಳಿ, ಅಂಚು ಚೂಪಿರುವ ಪ್ಲಾಸ್ಟಿಕ್ ಅಗ್ಗದ್ದು ಬೇಡವೇ ಬೇಡ. ದುಂಡು ಮುತ್ತಿನ ಆಸೆ ಸದ್ಯಕ್ಕೆ ಬಿಡಿ, ಅದಕ್ಕೆ ಬೇರೆ ಚಿಪ್ಪಿನ ಪೊರೆಯ ತುಂಡೂ ಒಟ್ಟಿಗೆ ಇಡ್ಬೇಕು, ಕೈ ಪಳಗಬೇಕು. ಭುವನೇಶ್ವರದ ಸಿಫಾದಲ್ಲಿ, ಅಂದ್ರೆ ಕೇಂದ್ರ ಸರ್ಕಾರದ ಸಿಹಿನೀರು ಜಲಕೃಷಿ ಸಂಶೋಧನಾ ಸಂಸ್ಥೆಯಲ್ಲಿ, ಇದರ ಟ್ರೈನಿಂಗ್ ಕೊಡ್ತಾರೆ.

ನಂತರ 10 ದಿನ ಆಂಟಿಬಯೋಟಿಕ್ ಹಾಕಿದ ನೀರಲ್ಲಿ ಇಟ್ಟು ದಿನಾ ನೋಡಿ. ಬಾಯಿ ಬಿಟ್ಕೊಂಡು ಮುಟ್ಟಿದ್ರೂ ಮುಚ್ಚದಿದ್ದದ್ದು ಸತ್ತದ್ದು, ಆ ಕ್ಷಣವೇ ತೆಗೀರಿ. ನಾನೊಮ್ಮೆ ಮದುವೆಗೆ ಅಂತ ಎರಡು ದಿನ ಬಿಟ್ಟು ಬಂದು ನೋಡಿದ್ರೆ ಇಡೀ ಟಬ್ಬು ಹೋಗಿತ್ತು.

ಆಮೇಲೆ ನೈಲಾನ್ ಚೀಲಕ್ಕೆ ಎರಡೆರಡು ಹಾಕಿ ಒಂದು ಮೀಟರ್ ಆಳಕ್ಕೆ ನೇತು ಹಾಕಿ, 12ರಿಂದ 18 ತಿಂಗಳು. ಮಳೆಗಾಲದಲ್ಲಿ ಕೆರೆ ತುಂಬಿ ಹರಿಯುವಾಗ ಹಗ್ಗ ನೋಡಿಕೊಳ್ಳಿ.

ಗಣಪತಿ ಚಿಪ್ಪಿಗೇ ಅಂಟಿರ್ತದೆ, ಕಟ್ಟರಲ್ಲಿ ಕೊಯ್ದು ತೆಗೀಬೇಕು. ಚೀನಾದ ಮುತ್ತಿನ ಸರದ ಜೊತೆ ರೇಟಿನಲ್ಲಿ ಗುದ್ದಾಡ್ಲಿಕ್ಕೆ ಹೋಗ್ಬೇಡಿ, ಪರಿಚಯದ ಅಕ್ಕಸಾಲಿಗರ ಹತ್ರ ಪೆಂಡೆಂಟ್ ಮಾಡಿಸಿ ನೀವೇ ಮಾರಿ. ಎಲ್ಲ ನಾವೇ ವಾಪಸ್ ಕೊಳ್ತೇವೆ ಅನ್ನುವವರಿಗೆ ಮಾತ್ರ ದುಡ್ಡು ಕೊಡ್ಬೇಡಿ. ನಮ್ಮ ಭಾವ ಕೊಟ್ಟಿದ್ರು, ಕೊಯ್ಲಿನ ಹೊತ್ತಿಗೆ ಆ ಫೋನ್ ಸ್ವಿಚ್ಡ್ ಆಫ್, ಗಣಪತಿಗಳೆಲ್ಲ ಈಗಲೂ ಅವರ ಮನೆಯ ಉಪ್ಪಿನಕಾಯಿ ಬಾಟ್ಲಿಯಲ್ಲೇ ಉಂಟು.