ಕಾಡುಬಸಳೆಯ ಹುಳಿ ಮತ್ತು ನಮ್ಮ ಮರುಭೂಮಿ ಪ್ರಾಜೆಕ್ಟು

ವರ್ಷಕ್ಕೆ 3,000 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಕಾಸರಗೋಡಿನಲ್ಲಿ ನಿಂತು, 250 ಮಿಲಿಮೀಟರಿಗಿಂತ ಕಡಿಮೆ ಮಳೆ ಬೀಳುವ ಪ್ರದೇಶವನ್ನು ಮರುಭೂಮಿ ಎನ್ನುತ್ತಾರೆಂದು ಆರನೆಯ ತರಗತಿಯ ಮಕ್ಕಳಿಗೆ ಹೇಳಿದರೆ, ಅವರ ಮನಸ್ಸಿಗೆ ಬರುವುದು ಆಟಿ ತಿಂಗಳ ಎರಡು ಮೂರು ದಿನಗಳ ಜಡಿಮಳೆ ಮಾತ್ರ. ನಾನು ಕಲಿಸುವ ಕನ್ನಡ ಮಾಧ್ಯಮದ ಯು.ಪಿ. (ಹಿರಿಯ ಪ್ರಾಥಮಿಕ) ಶಾಲೆಯಲ್ಲಿ ಮರುಭೂಮಿಯ ಸಸ್ಯ ಮತ್ತು ಪ್ರಾಣಿಗಳ ಕುರಿತು ಮೊದಲ ಬಾರಿ ಪ್ರಾಜೆಕ್ಟು ಮಾಡಿಸಿದಾಗ ಏಳು ಗುಂಪುಗಳಿಂದ ಏಳು ಚಾರ್ಟುಗಳು ಬಂದವು. ಎಲ್ಲವೂ ಅಂಗಡಿಯಲ್ಲಿ ಪ್ರಿಂಟ್ ತೆಗೆಸಿ ಅಂಟಿಸಿದವು. ಐದರಲ್ಲಿ ಒಂಟೆಯ ಡುಬ್ಬದೊಳಗೆ ನೀರಿರುತ್ತದೆ ಎಂದಿತ್ತು. ಎರಡರಲ್ಲಿ ಅರೇಬಿಯಾದ ಒಂಟೆಯು ಉತ್ತರ ಅಮೆರಿಕದ ಸೊನೋರಾ ಮರುಭೂಮಿಯ ಸಗ್ವಾರೊ ಕಳ್ಳಿಯ ಪಕ್ಕದಲ್ಲಿ ನಿಂತಿತ್ತು. ಮಕ್ಕಳನ್ನು ಬೈಯುವಂತಿರಲಿಲ್ಲ. ಮಾಹಿತಿ ಸಂಗ್ರಹಿಸಿರಿ ಎಂದವಳು ನಾನೇ, ಅವರು ಸಂಗ್ರಹಿಸಿದ್ದರು.

ಮರುವರ್ಷ ಚಾರ್ಟನ್ನು ಕೈಬಿಟ್ಟು ಒಂದೇ ಪ್ರಶ್ನೆ ಕೊಟ್ಟೆ: ನೀವು ಆರಿಸಿಕೊಂಡ ಜೀವಿ ನೀರನ್ನು ಎಲ್ಲಿಂದ ಪಡೆಯುತ್ತದೆ, ಪಡೆದುದನ್ನು ಹೇಗೆ ಉಳಿಸಿಕೊಳ್ಳುತ್ತದೆ? ಪುಸ್ತಕದಿಂದ ಎಷ್ಟು ಬೇಕಾದರೂ ಬರೆಯಬಹುದು, ಆದರೆ ಒಂದು ಆಧಾರವಾದರೂ ಸ್ವತಃ ಮಾಡಿ ನೋಡಿದ್ದಾಗಿರಬೇಕು ಅಥವಾ ಕಂಡವರಿಂದ ಕೇಳಿದ್ದಾಗಿರಬೇಕು ಎಂಬ ಷರತ್ತು ಹಾಕಿದೆ.

ಮೊದಲ ಪ್ರಯೋಗ ಸುಲಭದ್ದು. ದಾಸವಾಳದ ಒಂದು ಗೆಲ್ಲಿಗೂ ಚಟ್ಟಿಯಲ್ಲಿದ್ದ ಕಳ್ಳಿಗೂ ಪಾರದರ್ಶಕ ಪ್ಲಾಸ್ಟಿಕ್ ತೊಟ್ಟೆಗಳನ್ನು ಬಿಗಿದು ಬಿಸಿಲಿಗೆ ಬಿಟ್ಟೆವು. ಮಧ್ಯಾಹ್ನದ ಊಟದ ಗಂಟೆ ಬಾರಿಸುವ ಹೊತ್ತಿಗೆ ದಾಸವಾಳದ ತೊಟ್ಟೆಯ ತಳದಲ್ಲಿ ನೀರು ನಿಂತಿತ್ತು, ಕಳ್ಳಿಯದು ಒಣಗಿಯೇ ಇತ್ತು. ಮುಳ್ಳಿರುವುದೆಲ್ಲ ಕಳ್ಳಿ ಎಂಬ ನಂಬಿಕೆಯನ್ನೂ ಅಂದೇ ಬಿಡಿಸಬೇಕಾಯಿತು. ಮನೆಯಂಗಳಗಳಲ್ಲಿ ಬೆಳೆಸುವ ಯುಫೋರ್ಬಿಯಾವನ್ನು ಚುಚ್ಚಿದರೆ ಹಾಲು ಒಸರುತ್ತದೆ. ಪಾಪಾಸುಕಳ್ಳಿಯಲ್ಲಿ ಹಾಲಿಲ್ಲ, ಅದರ ಮುಳ್ಳುಗಳು ಸಣ್ಣ ಮೆತ್ತೆಯಂತಹ ಬಿಂದುಗಳಿಂದ ಗೊಂಚಲಾಗಿ ಹೊರಡುತ್ತವೆ. ಪಾಪಾಸುಕಳ್ಳಿ ಅಮೆರಿಕದಿಂದ ಬಂದದ್ದು, ಯುಫೋರ್ಬಿಯಾದ ಕುಟುಂಬವೇ ಬೇರೆ. ಚುಚ್ಚುವ ಕೆಲಸವನ್ನು ಕೈಗವಸು ತೊಟ್ಟು ನಾನೇ ಮಾಡಿದೆ, ಏಕೆಂದರೆ ಆ ಹಾಲು ಕಣ್ಣಿಗೆ ತಾಗಿದರೆ ದೊಡ್ಡ ಅಪಾಯ.

ಕಂಡವರಿಂದ ಕೇಳುವ ವಿಷಯದಲ್ಲಿ ನಮ್ಮ ಜಿಲ್ಲೆಗೆ ಇರುವ ಅನುಕೂಲ ಬೇರೆಡೆ ಸಿಗುವುದು ಕಷ್ಟ. ಇಪ್ಪತ್ತೆಂಟು ಮಕ್ಕಳಲ್ಲಿ ಹನ್ನೊಂದು ಮಂದಿಯ ಅಪ್ಪನೋ ಮಾವನೋ ಗಲ್ಫಿನಲ್ಲಿದ್ದರು, ಆದರೂ ಅವರು ಬದುಕುತ್ತಿರುವುದು ಮರುಭೂಮಿಯಲ್ಲಿ ಎಂಬುದು ಮಕ್ಕಳಿಗೆ ಹೊಳೆದಿರಲಿಲ್ಲ. ಗಲ್ಫ್ ಎಂದರೆ ಅವರಿಗೆ ವಿಮಾನ, ಪೆಟ್ಟಿಗೆ, ಖರ್ಜೂರ. ಪ್ರಶ್ನೆಗಳನ್ನು ಬರೆಸಿ ಮೊಬೈಲಿನಲ್ಲಿ ಕಳುಹಿಸಿದೆವು. ದುಬೈಯಲ್ಲಿ ವಾಹನ ಓಡಿಸುವ ಒಬ್ಬರು ಧ್ವನಿ ಸಂದೇಶದಲ್ಲಿ, ಚಳಿಗಾಲದ ಮುಂಜಾನೆ ಮಂಜು ಕವಿದು ವಾಹನದ ಗಾಜು ತೊಯ್ದಿರುತ್ತದೆ ಎಂದರು. ಬೆನ್ನೆತ್ತಿ ನಿಂತು ಮಂಜಿನ ಹನಿಗಳನ್ನು ಬಾಯಿಗೆ ಇಳಿಸಿಕೊಳ್ಳುವ ನಮೀಬ್ ಮರುಭೂಮಿಯ ಜೀರುಂಡೆಯನ್ನು ಆರಿಸಿಕೊಂಡಿದ್ದ ಗುಂಪಿಗೆ ಆ ಮಾತು ಪಾಠಕ್ಕಿಂತ ಹೆಚ್ಚು ಉಪಕರಿಸಿತು. ಆ ಚಾಲಕರು ಕಳುಹಿಸಿದ ಚಿತ್ರಗಳಲ್ಲಿ ಮರಳಿನ ನಡುವೆ ಹಸಿರಾಗಿ ನಿಂತ ಒಂದು ಮರವಿತ್ತು. ಅಲ್ಲಿ ಅದನ್ನು ಘಾಫ್ ಎನ್ನುತ್ತಾರೆ, ಯು.ಎ.ಇ.ಯ ರಾಷ್ಟ್ರೀಯ ವೃಕ್ಷ. ರಾಜಸ್ಥಾನದಲ್ಲಿ ಅದೇ ಖೇಜ್ರಿ, 1730ರಲ್ಲಿ ಅಮೃತಾ ದೇವಿ ಮೊದಲಾದ ಬಿಷ್ಣೋಯಿ ಸಮುದಾಯದ 363 ಮಂದಿ ಕಡಿಯಲು ಬಿಡದೆ ಅಪ್ಪಿಕೊಂಡು ಪ್ರಾಣ ಕೊಟ್ಟ ಮರ. ಕನ್ನಡದಲ್ಲಿ ಅದೇ ಬನ್ನಿ ಎಂದಾಗ ತರಗತಿಯಲ್ಲಿ ಗುಸುಗುಸು ಎದ್ದಿತು. "ಪಾಂಡವರು ಆಯುಧ ಅಡಗಿಸಿಟ್ಟ ಮರವಾ ಟೀಚರೇ?" ಎಂದು ಯಕ್ಷಗಾನದ ಮರುಳು ಹಿಡಿದ ಹುಡುಗನೊಬ್ಬ ಎದ್ದು ನಿಂತು ಕೇಳಿದ. ಬಹಳ ಆಳಕ್ಕೆ ಇಳಿದು ನೀರು ಹುಡುಕುವ ಅದರ ಬೇರನ್ನು ಮಕ್ಕಳು ಗುಡ್ಡ ಕೊರೆದು ನೀರು ತರುವ ನಮ್ಮ ಸುರಂಗಗಳಿಗೆ ಹೋಲಿಸಿ ಬರೆದರು. ಬೇರು ಕೆಳಕ್ಕೆ ಇಳಿಯುತ್ತದೆ, ಸುರಂಗ ಅಡ್ಡಕ್ಕೆ ಸಾಗುತ್ತದೆ ಎಂದು ತಿದ್ದಿದೆ, ಹೋಲಿಕೆಯನ್ನು ಉಳಿಸಿಕೊಂಡೆ.

ಹೆಚ್ಚು ದಿನ ಹಿಡಿದದ್ದು ಕಾಡುಬಸಳೆ. ಮಡಗಾಸ್ಕರ್ ಮೂಲದ ಈ ಗಿಡ ನಮ್ಮಲ್ಲಿ ಮುರಕಲ್ಲಿನ ಪಾಗಾರದ ಮೇಲೂ ಬೆಳೆಯುತ್ತದೆ. ಹಗಲಿನಲ್ಲಿ ಪತ್ರರಂಧ್ರ, ಅಂದರೆ ಎಲೆಯ ಮೇಲಿನ ಸೂಕ್ಷ್ಮ ರಂಧ್ರ, ತೆರೆದರೆ ನೀರು ಆವಿಯಾಗಿ ಹೋಗುತ್ತದೆಯಾದ್ದರಿಂದ ಕಳ್ಳಿಗಳಂತೆ ಇದು ಕೂಡ ರಾತ್ರಿ ತೆರೆದು, ಒಳಸೇರಿದ ಇಂಗಾಲದ ಡೈಆಕ್ಸೈಡನ್ನು ಮ್ಯಾಲಿಕ್ ಆಮ್ಲವಾಗಿ ಕೂಡಿಟ್ಟು, ಹಗಲಿನ ಬೆಳಕಿನಲ್ಲಿ ಬಳಸುತ್ತದೆ. ಭಾರತದಲ್ಲಿದ್ದ ಸಸ್ಯವಿಜ್ಞಾನಿ ಬೆಂಜಮಿನ್ ಹೈನ್ ಇದರ ಎಲೆ ಬೆಳಿಗ್ಗೆ ಹುಳಿಯಾಗಿದ್ದು ಮಧ್ಯಾಹ್ನಕ್ಕೆ ಸಪ್ಪೆಯಾಗುವುದನ್ನು ನಾಲಿಗೆಯಿಂದಲೇ ಕಂಡುಕೊಂಡು ಬರೆದದ್ದು 1815ರಲ್ಲಿ ಅಚ್ಚಾಯಿತು. ಮಕ್ಕಳಿಗೆ ಜಗಿಯಲು ಬಿಡಲಿಲ್ಲ, ದನಗಳಿಗೆ ಇದು ವಿಷವೆಂಬುದು ಗೊತ್ತಿತ್ತು.

ನಾಲಿಗೆಯ ಬದಲು ಹುಳಿ ಪರೀಕ್ಷಿಸಲು ಬಳಸಿದ ಲಿಟ್ಮಸ್ ಕಾಗದ ಕೈಕೊಟ್ಟಿತು. ಸಂಜೆಯ ರಸದಲ್ಲೂ ಅಲ್ಪಸ್ವಲ್ಪ ಆಮ್ಲವಿರುವುದರಿಂದ ನೀಲಿ ಕಾಗದ ಎರಡು ಹೊತ್ತೂ ಕೆಂಪಾಯಿತು. ಬೆಳಗಿನ ಎಲೆಯನ್ನು ಹತ್ತು ಗಂಟೆಗೆ, ಬಿಸಿಲೇರಿದ ಮೇಲೆ ಕೊಯ್ದದ್ದು ನನ್ನ ಇನ್ನೊಂದು ತಪ್ಪು. ಹತ್ತಿರದ ಹೈಸ್ಕೂಲಿನಿಂದ ಹುಳಿ ಎಷ್ಟೆಂದು ಅಂಕಿಯಲ್ಲಿ ತೋರಿಸುವ ಪಿಎಚ್ ಕಾಗದದ ಸುರುಳಿ ಎರವಲು ತಂದೆ; ಅದರಲ್ಲಿ ಅಂಕಿ ಕಡಿಮೆಯಾದಷ್ಟೂ ಹುಳಿ ಹೆಚ್ಚು. ನಸುಕಿನಲ್ಲೇ ಮದ್ರಸಕ್ಕೆ ಹೊರಡುವ ಹುಡುಗಿಯೊಬ್ಬಳು ದಾರಿಯಲ್ಲಿ ಎಲೆ ಕೊಯ್ದು, ಬೆಳಕು ತಾಗದಂತೆ ಸ್ಟೀಲಿನ ಡಬ್ಬಿಯಲ್ಲಿ ಮುಚ್ಚಿ ತಂದಳು. ಆ ರಸ ಸುಮಾರು 4 ತೋರಿಸಿತು; ಸಂಜೆ ಅದೇ ಗಿಡದ ಎಲೆಯದು 5 ದಾಟಿತ್ತು. ಬಣ್ಣದ ಆ ಎರಡು ತುಂಡುಗಳನ್ನು ಮಕ್ಕಳು ಪುಸ್ತಕದಲ್ಲಿ ಅಂಟಿಸಿಕೊಂಡರು.

ಪ್ರಾಣಿಗಳ ವಿಷಯದಲ್ಲಿ ಪ್ರಯೋಗಕ್ಕೆ ದಾರಿಯಿರಲಿಲ್ಲ, ಲೆಕ್ಕ ಮಾಡಿದೆವು. ಡುಬ್ಬದಲ್ಲಿರುವುದು ಕೊಬ್ಬು, ಬಾಯಾರಿದ ಒಂಟೆ ಕಾಲು ಗಂಟೆಯೊಳಗೆ ನೂರು ಲೀಟರು, ಅಂದರೆ ಹತ್ತು ಲೀಟರಿನ ಹತ್ತು ಕೊಡ ನೀರು ಕುಡಿಯಬಲ್ಲದು, ನೀರು ಸಿಗದಾಗ ಅದರ ಮೈಯ ಉಷ್ಣತೆ ಬೆಳಗಿನ 34 ಡಿಗ್ರಿಯಿಂದ ಮಧ್ಯಾಹ್ನ 40ರವರೆಗೆ ಏರಿದರೂ ಬೆವರು ಹೆಚ್ಚು ಸುರಿಯದು. ಕಾಂಗರೂ ಇಲಿ ಒಣ ಬೀಜ ತಿಂದು, ಅದು ಜೀರ್ಣವಾಗಿ ದೇಹದಲ್ಲಿ ಬಳಕೆಯಾಗುವಾಗ ಹುಟ್ಟುವ ನೀರಿನಿಂದಲೇ ಬದುಕಬಲ್ಲದು ಎಂಬುದನ್ನು ಕೊನೆಯವರೆಗೂ ಕೆಲವರು ನಂಬಲಿಲ್ಲ.

ಪ್ರಾಜೆಕ್ಟು ಒಪ್ಪಿಸಿಯಾದ ಮರುವಾರ, ಅನಾನಸು ಕೂಡ ರಾತ್ರಿ ಪತ್ರರಂಧ್ರ ತೆರೆಯುವ ಗಿಡವೆಂದು ಎಲ್ಲೋ ಓದಿದ ಹುಡುಗನೊಬ್ಬ ಬೆಳಿಗ್ಗೆ, ಸಂಜೆ ಎಂದು ಬರೆದ ಎರಡು ಡಬ್ಬಿಗಳನ್ನು ಹಿಡಿದು ಬಂದ. ಎಲೆಯ ನಾರು ರಸ ಬಿಡಲು ಸತಾಯಿಸಿತು. ಬಿಸಿಯೂಟದ ಅಡುಗೆಮನೆಯಿಂದ ಗುಂಡುಕಲ್ಲು ತಂದು ಜಜ್ಜಿದೆವು, ಸುರುಳಿಯಲ್ಲಿ ಉಳಿದಿದ್ದ ಕಡೆಯ ಎರಡು ತುಂಡು ಕಾಗದವನ್ನು ಅವನೇ ಅದ್ದಿದ.