ಶಿರಾಡಿ ಏರಿನಲ್ಲಿ ಕಾರು ಕುದಿದ ದಿನ

ಏಸಿಯಿಂದ ಬಿಸಿ ಗಾಳಿ ಬರ್ತಿದೆ ಅಂತ ಮೊದಲು ಹೇಳಿದ್ದು ನನ್ನ ಹೆಂಡತಿ. "ಗ್ಯಾಸ್ ಖಾಲಿ ಆಗಿರ್ಬೇಕು, ಊರಿಗೆ ಹೋದ್ಮೇಲೆ ತುಂಬಿಸೋಣ" ಅಂದೆ. ಆಗಲೇ ಎಂಜಿನ್ ಬಿಸಿ ತೋರಿಸುವ ಮೀಟರ್ ಕಡೆ ನೋಡಬೇಕಿತ್ತು. ನೋಡಲಿಲ್ಲ.

ಮಾರ್ಚ್ ಕೊನೆಯ ಭಾನುವಾರ, ಮಧ್ಯಾಹ್ನ ಮೂರು ದಾಟಿತ್ತು. ನಾಲ್ಕು ದಿನದಲ್ಲಿ ಚಿಕ್ಕಮಗಳೂರು, ಹೊರನಾಡು, ಧರ್ಮಸ್ಥಳ, ಕುಕ್ಕೆ ಎಲ್ಲ ಮುಗಿಸಿ, ಗುಂಡ್ಯದಲ್ಲಿ ಹೆದ್ದಾರಿ 75 ಸೇರಿ ಶಿರಾಡಿ ಘಾಟಿ ಹತ್ತುತ್ತಿದ್ದೆವು. ಮುಂದೆ ಗ್ಯಾಸ್ ಟ್ಯಾಂಕರುಗಳ ಸಾಲು. ಎರಡನೇ ಗೇರು, ಆಗಾಗ ಒಂದನೇ ಗೇರು. ಹೀಗೆ ತೆವಳುವಾಗ ಎಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿಗೆ ಎದುರುಗಾಳಿ ಸಿಗುವುದಿಲ್ಲ, ಫ್ಯಾನ್ ಒಂದೇ ಗತಿ. ಎಂಜಿನ್ ವಿಪರೀತ ಬಿಸಿಯಾದರೆ ಎಷ್ಟೋ ಕಾರುಗಳಲ್ಲಿ ಏಸಿ ಕಂಪ್ರೆಸರ್ ತಾನಾಗಿಯೇ ನಿಂತುಬಿಡುತ್ತದೆ. ನನ್ನ ಕಾರೂ ಅದನ್ನೇ ಮಾಡಿತ್ತು. ನಾನು ಗ್ಯಾಸಿನ ಮೇಲೆ ಹಾಕಿದೆ.

ಆಮೇಲೆ ಒಂಥರಾ ಸಿಹಿ ವಾಸನೆ. ಪಾಕ ಸೀದ ಹಾಗೆ. ಎಂಜಿನ್ ತಂಪಾಗಿಡುವ ದ್ರವ, ಅಂದರೆ ಕೂಲೆಂಟ್, ಸೋರಿ ಬಿಸಿ ಎಂಜಿನ್ ಮೇಲೆ ಬಿದ್ದರೆ ಬರುವ ವಾಸನೆ ಅದು. ಮೀಟರ್ ನೋಡಿದರೆ ಸೂಜಿ ಕೆಂಪು ಗೆರೆ ಮುಟ್ಟುತ್ತಿತ್ತು.

ಏಸಿ ಆಫ್ ಮಾಡಿ ಹೀಟರ್ ಫುಲ್ ಇಟ್ಟೆ, ಕಿಟಕಿ ಇಳಿಸಿದೆ. ಸೆಕೆಯಲ್ಲಿ ಹೀಟರಾ ಅಂತ ಮಕ್ಕಳು ಬೊಬ್ಬೆ ಹಾಕಿದರು. ಹೀಟರ್ ಅಂದರೆ ಒಳಗಿರುವ ಇನ್ನೊಂದು ಚಿಕ್ಕ ರೇಡಿಯೇಟರ್ ಇದ್ದ ಹಾಗೆ. ಎಂಜಿನ್ನಿನ ಬಿಸಿಯನ್ನು ನಮ್ಮ ಮುಖಕ್ಕೆ ತಂದು ಊದುತ್ತದೆ. ತಿರುವಿನಲ್ಲಿ ನಿಲ್ಲಿಸುವ ಹಾಗಿಲ್ಲ. ಅದು ದಾಟಿ ಸ್ವಲ್ಪ ಅಗಲ ಜಾಗ ಸಿಕ್ಕಿದ ಕೂಡಲೇ ಎಡಕ್ಕೆ ಹಾಕಿ ಎಂಜಿನ್ ನಿಲ್ಲಿಸಿದೆ. ಬಾನೆಟ್ ಸಂದಿಯಿಂದ ಬುಸ್ ಅಂತ ಹಬೆ.

ಹ್ಯಾಂಡ್‌ಬ್ರೇಕ್ ಎಳೆದು, ಒಂದನೇ ಗೇರಿನಲ್ಲಿಟ್ಟು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟೆ. ಅಮ್ಮ, ಹೆಂಡತಿ, ಮಕ್ಕಳನ್ನು ಇಳಿಸಿ, ರಸ್ತೆ ಬಿಟ್ಟು ಕಾರಿಗಿಂತ ಮುಂದೆ ದೂರ ಕೂರಿಸಿದೆ. ಕೆಟ್ಟು ನಿಂತ ಗಾಡಿಯ ಒಳಗೆ ಅಥವಾ ಅದರ ಹಿಂದೆ ಜನ ಇರಲೇಬಾರದು, ಘಾಟಿಯಲ್ಲಂತೂ ಇನ್ನೂ. ಕೆಂಪು ತ್ರಿಕೋನವನ್ನು ಕಾರಿನ ಬೆನ್ನಿಗೇ ಇಟ್ಟರೆ ಏನೂ ಉಪಯೋಗವಿಲ್ಲ. ತಿರುವಿನ ಆಚೆಗೆ, ಕೆಳಗಿಂದ ಬರುವವರಿಗೆ ಮೊದಲೇ ಕಾಣುವ ಹಾಗೆ ಇಟ್ಟು ಬಂದೆ. ಲಾರಿಯವರು ಮಾಡುವ ಹಾಗೆ ಒಂದೆರಡು ಸೊಪ್ಪಿನ ಕೊಂಬೆಗಳನ್ನೂ ಹಾಕಿದೆ.

ಫೋನಿನಲ್ಲಿ ಒಂದು ಕಡ್ಡಿಯೂ ಇಲ್ಲ. ಇನ್ಶೂರೆನ್ಸ್ ಜೊತೆ ರೋಡ್‌ಸೈಡ್ ಅಸಿಸ್ಟೆನ್ಸ್‌ಗೂ ದುಡ್ಡು ಕಟ್ಟಿದ್ದೆ. ನೆಟ್‌ವರ್ಕ್ ಇಲ್ಲದ ಕಡೆ ಅದು ಬರೀ ಕಾಗದ. ಹೆದ್ದಾರಿ ಸಹಾಯವಾಣಿ 1033 ಕೂಡ ಅಷ್ಟೇ.

"ಹಣ್ಣುಕಾಯಿ ಮಾಡಿಸು ಅಂದ್ರೆ ಕ್ಯೂ ಉದ್ದ ಇದೆ ಅಂತ ಎಬ್ಬಿಸಿಕೊಂಡು ಬಂದೆ" ಅಂದರು ಅಮ್ಮ. ನಾನು ಮಾತಾಡಲಿಲ್ಲ. ನನ್ನ ತಪ್ಪು ಬೇರೆಯೇ ಇತ್ತು. ಎರಡು ದಿನ ಮುಂಚೆ ಹೊರನಾಡಿನಲ್ಲಿ ಬಾನೆಟ್ ಎತ್ತಿದಾಗ ಕೂಲೆಂಟ್ ಡಬ್ಬಿ ಮಿನಿಮಮ್ ಗೆರೆಗಿಂತ ಕೆಳಗಿತ್ತು. ಬಾಟಲಿ ನೀರು ಸುರಿದು ಮುಚ್ಚಿದ್ದೆ. ಮುಚ್ಚಿದ ವ್ಯವಸ್ಥೆಯಲ್ಲಿ ನೀರು ಸುಮ್ನೆ ಕಡಿಮೆ ಆಗಲ್ಲ, ಎಲ್ಲೋ ಸೋರುತ್ತಿರಬೇಕು ಅನ್ನುವಷ್ಟು ಬುದ್ಧಿ ಓಡಲಿಲ್ಲ.

ಹಬೆ ನಿಂತ ಮೇಲೆ ಬಾನೆಟ್ ಎತ್ತಿದೆ. ಕೈ ತಾನಾಗಿಯೇ ರೇಡಿಯೇಟರ್ ಕ್ಯಾಪಿನ ಕಡೆ ಹೋಯಿತು. ಅಷ್ಟರಲ್ಲಿ ಹಿಂದಿನಿಂದ ಒಂದು ದನಿ: "ಮುಚ್ಚಳಾ ಮುಟ್ಟಬ್ಯಾಡ್ರಿ ಸರ ಇನ್ನಾ!" ಹುಬ್ಬಳ್ಳಿ ಕಡೆಯ ಲಾರಿ ಡ್ರೈವರ್. ತನ್ನ ಗಾಡಿಯನ್ನು ಮೇಲೆ ನಿಲ್ಲಿಸಿ ನಡೆದು ಬಂದಿದ್ದರು. ಒಳಗೆ ಒತ್ತಡ ಇರುವುದರಿಂದ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಇರುತ್ತದೆ. ಕ್ಯಾಪ್ ತೆಗೆದ ಕ್ಷಣ ಒತ್ತಡ ಬಿಟ್ಟು, ಎಲ್ಲ ಒಟ್ಟಿಗೇ ಕುದಿದು ಮುಖಕ್ಕೆ ಹಾರುತ್ತದೆ. ಇದು ನನಗೆ ಗೊತ್ತಿತ್ತು ಅನ್ನುವುದೇ ನಾಚಿಕೆ.

ಮುಕ್ಕಾಲು ಗಂಟೆ ಕಾದೆವು. ಆಮೇಲೆ ಅವರು ರೇಡಿಯೇಟರಿನ ಮೇಲಿನ ಹೋಸ್ ಪೈಪನ್ನು ಹಿಡಿದು ಮೆಲ್ಲಗೆ ಬಗ್ಗಿಸಿದರು. ಕ್ಲಿಪ್ಪಿನ ಪಕ್ಕದಲ್ಲೇ ಕಪ್ಪು ರಬ್ಬರು ಬಾಯಿ ಬಿಟ್ಟಿತು. ಉಗುರಿನಷ್ಟು ಉದ್ದದ ಸೀಳು, ಅದರ ಅಂಚಿಗೆ ಹಸಿರು ಕೂಲೆಂಟ್ ಒಣಗಿ ಉಪ್ಪಿನ ಹಾಗೆ ಕಟ್ಟಿತ್ತು. "ಬುಡದಾಗ ಸೀಳೇತ್ರಿ. ಪೈಪ್ ಉದ್ದ ಐತಿ, ತುದಿ ಕೊಯ್ದು ಮತ್ತ ಹಾಕೂಣು. ಸ್ಕ್ರೂಡ್ರೈವರ್ ಐತೇನ್ರಿ?" ಇತ್ತು. ಕ್ಲಿಪ್ ಸಡಿಲಿಸಿ, ಪೈಪ್ ತಿರುಚಿ ಎಳೆದು, ಸೀಳಿದ್ದ ಒಂದಿಂಚನ್ನು ಬ್ಲೇಡಿನಿಂದ ನೀಟಾಗಿ ಕೊಯ್ದು, ಉಳಿದದ್ದನ್ನು ಮತ್ತೆ ಸಿಕ್ಕಿಸಿ ಬಿಗಿ ಮಾಡಿದರು. ಹತ್ತು ನಿಮಿಷದ ಕೆಲಸ. ಸೀಳು ಪೈಪಿನ ನಡುವೆ ಇದ್ದಿದ್ದರೆ ಈ ಉಪಾಯ ನಡೆಯುತ್ತಿರಲಿಲ್ಲ.

ಕುಡಿಯಲು ತಂದಿದ್ದ ಐದು ಲೀಟರ್ ಕ್ಯಾನ್ ಪೂರ್ತಿ ಹೋಯಿತು, ಅವರ ಕ್ಯಾನಿನಿಂದಲೂ ಸ್ವಲ್ಪ. ಎಂಜಿನ್ ಇನ್ನೂ ಬಿಸಿ ಇರುವಾಗ ತಣ್ಣೀರು ಗಬಕ್ಕನೆ ಸುರಿದರೆ ಎಂಜಿನ್ನಿನ ಮೇಲ್ಭಾಗ, ಅಂದರೆ ಹೆಡ್, ಬಿರುಕು ಬಿಡಬಹುದು, ಅದಕ್ಕೇ ಎಂಜಿನ್ ಚಾಲೂ ಮಾಡಿ ನಿಧಾನಕ್ಕೆ ಹುಯ್ದೆವು. ಐನೂರು ಕೊಟ್ಟೆ. ಇನ್ನೂರು ಇಟ್ಟುಕೊಂಡು ಉಳಿದದ್ದು ವಾಪಸ್ ಕೊಟ್ಟರು. ಹೊರಡುವ ಮುಂಚೆ ಚಕ್ರದ ಕಲ್ಲು, ಸೊಪ್ಪು ಎಲ್ಲ ಬದಿಗೆ ಎಳೆಸಿದರು. ಆ ಕಲ್ಲುಗಳನ್ನು ರಸ್ತೆಯಲ್ಲೇ ಬಿಟ್ಟು ಹೋಗುವವರು ಎಷ್ಟು ಜನ! ರಾತ್ರಿ ಬೈಕಿನವರ ಗತಿ ಏನು?

ಅಲ್ಲಿಂದ ಸಕಲೇಶಪುರಕ್ಕೆ ಏಸಿ ಇಲ್ಲ, ಹೀಟರ್ ಮಾತ್ರ. ಕಣ್ಣು ಅರ್ಧ ರಸ್ತೆ ಮೇಲೆ, ಅರ್ಧ ಸೂಜಿ ಮೇಲೆ. ಸೂಜಿ ಅರ್ಧ ದಾಟಿದರೆ ನಿಲ್ಲಿಸುವುದು, ಇಳಿದರೆ ಹೊರಡುವುದು. ಮೂರು ಸಲ ನಿಲ್ಲಿಸಿದೆ. ದೋಣಿಗಾಲ್ ಬಂದಾಗ ಕತ್ತಲಾಗುತ್ತಿತ್ತು.

ಬೆಂಗಳೂರಿಗೆ ಹಾಗೇ ಎಳೆದುಕೊಂಡು ಹೋಗುವ ಆಸೆ ಇತ್ತು. ಹೆಂಡತಿ ಬೇಡವೇ ಬೇಡ ಅಂದಳು. ಅವಳ ಮಾತು ಸರಿಯಿತ್ತು: ನೀರಿಲ್ಲದೆ ಒಮ್ಮೆ ಓಡಿಸಿದರೆ ಹೆಡ್ಡಿನ ಕೆಳಗಿನ ಸೀಲು, ಹೆಡ್ ಗ್ಯಾಸ್ಕೆಟ್, ಹೋಗಬಹುದು, ಆಮೇಲೆ ಖರ್ಚು ಸಾವಿರಗಳಲ್ಲಿ ನಿಲ್ಲುವುದಿಲ್ಲ. ಸಕಲೇಶಪುರದಲ್ಲೇ ರೂಮ್ ಮಾಡಿದೆವು. ಬೆಳಗ್ಗೆ ಮೆಕ್ಯಾನಿಕ್ ನೋಡಿ, "ಈ ಪೈಪ್ ಇಲ್ಲಿ ಸಿಗಲ್ಲ ಸಾರ್, ಹಾಸನದಿಂದ ತರಿಸ್ಬೇಕು" ಅಂದ. ಫೋನ್ ಮಾಡಿ ಅಂಗಡಿಯವರಿಂದ ಬಸ್ಸಿಗೆ ಹಾಕಿಸಿದ. ಹನ್ನೊಂದು ಗಂಟೆಗೆ ಕಂಡಕ್ಟರ್ ಕೈಯಿಂದ ಪೈಪ್ ಇಳಿಯಿತು, ಪೇಪರಿನಲ್ಲಿ ಸುತ್ತಿ, ಕಬ್ಬಿನ ತುಂಡಿನ ಹಾಗೆ. ಪೈಪ್, ಎರಡು ಹೊಸ ಕ್ಲಿಪ್, ಕೂಲೆಂಟ್, ಕೂಲಿ ಎಲ್ಲ ಸೇರಿ 2,100 ರೂಪಾಯಿ. ಕಾರಿಗೆ ಹನ್ನೊಂದು ವರ್ಷ, ಪೈಪಿಗೂ ಅಷ್ಟೇ. ಎರಡು ತಿಂಗಳ ಹಿಂದೆ ಸರ್ವೀಸ್ ಮಾಡಿದವರು ಎಲ್ಲ ಚೆನ್ನಾಗಿದೆ ಅಂದಿದ್ದರು. ನಾನೂ ಪೈಪ್ ನೋಡಿ ಅಂತ ಕೇಳಿರಲಿಲ್ಲ ಬಿಡಿ.

ಈಗ ಹೊರಡುವ ದಿನ ಬೆಳಗ್ಗೆ, ಎಂಜಿನ್ ತಣ್ಣಗಿರುವಾಗ, ಪೈಪುಗಳನ್ನು ಬೆರಳಲ್ಲಿ ಒತ್ತಿ ನೋಡುತ್ತೇನೆ. ಗಟ್ಟಿಯಾಗಿ ಕಟಕಟ ಅಂದರೂ ತಪ್ಪು, ತೀರಾ ಮೆತ್ತಗಾಗಿ ಉಬ್ಬಿದ್ದರೂ ತಪ್ಪು. ಡಿಕ್ಕಿಯಲ್ಲಿ ಒಂದು ಲೀಟರ್ ಕೂಲೆಂಟ್, ಎರಡು ಕ್ಲಿಪ್, ಬ್ಲೇಡು, ಸ್ಕ್ರೂಡ್ರೈವರ್, ಐದೈದು ಲೀಟರಿನ ಎರಡು ಕ್ಯಾನ್ ನೀರು ಇರುತ್ತವೆ. ಮೊನ್ನೆ ಊರಿಗೆ ಹೊರಟಾಗ ಅಮ್ಮ ಡಿಕ್ಕಿ ನೋಡಿ, "ವಾಪಸ್ ಬರ್ತಾ ಹಲಸಿನಕಾಯಿ ಎಲ್ಲಿಡ್ತೀಯ?" ಅಂದರು. ಹಿಂದಿನ ಸೀಟಿನಲ್ಲಿ, ಮಕ್ಕಳ ನಡುವೆ ಇಟ್ಟುಕೊಂಡು ಬಂದೆವು.